ದೊಡ್ಡಮ್ಮನಿಗೆ ಕಾಲಂ ಇಲ್ಲ

ಇಂಗ್ಲೆಂಡಿಗೆ ಹೋಗಿಬರುವುದಕ್ಕೆ ಏನೇನು ಬೇಕು ಅಂತ ನನ್ನನ್ನು ಕೇಳಿ, ಹೇಳುತ್ತೇನೆ. ಪಾಸ್‌ಪೋರ್ಟು ಬೇಕು. ಮುಖ ನೆಟ್ಟಗೆ ಕಾಣುವ ಫೋಟೋ ಬೇಕು. ಅಲ್ಲಿಂದ ಕರೆಸಿಕೊಳ್ಳುವವರ ಪತ್ರ ಬೇಕು, ಅವರ ಸಂಬಳದ ಚೀಟಿ ಬೇಕು, ನಮ್ಮ ತೋಟದ ಪಹಣಿ ಬೇಕು, ಬ್ಯಾಂಕಿನ ಪಾಸ್‌ಬುಕ್ಕು ಬೇಕು. ಹೋದವಳು ಅಲ್ಲೇ ಝಾಂಡಾ ಊರದೆ ವಾಪಸು ಬರುತ್ತಾಳೆ ಅಂತ ಅವರಿಗೆ ನಂಬಿಕೆ ಬರಬೇಕು. ಇಷ್ಟನ್ನೂ ಹೊಂದಿಸಿಕೊಂಡು ಹೋದರೆ ಅರ್ಜಿಯಲ್ಲಿ ಒಂದು ಸಣ್ಣ ಪ್ರಶ್ನೆ ಇರುತ್ತದೆ: ನೀವು ಅವರಿಗೆ ಏನಾಗಬೇಕು? ನಾನು ಎಡವಿದ್ದು ಅಲ್ಲಿ. ಎಡವಿದೆ ಅಂದ ಮಾತ್ರಕ್ಕೆ ತಪ್ಪು ನನ್ನದು ಅಂತ ತಿಳಿಯಬೇಡಿ. ಆವತ್ತೂ ನಾನು ಒಪ್ಪಲಿಲ್ಲ, ಈವತ್ತೂ ಒಪ್ಪುವುದಿಲ್ಲ.

ನಮ್ಮದು ತಿಪಟೂರಿಗೂ ತುರುವೇಕೆರೆಗೂ ನಡುವೆ ಇರುವ ಹಳ್ಳಿ. ನನಗೆ ಒಬ್ಬಳೇ ತಂಗಿ. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದವಳಿಗೆ ಕಾಲು, ಮುಖ ಎಲ್ಲ ಊದಿಕೊಂಡಿತು. ನಂಜು ಅಂದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆ ಕಾಲದಲ್ಲಿ ಹೆರಿಗೆ ಕೋಣೆಯ ಒಳಕ್ಕೆ ಮನೆಯವರನ್ನು ಯಾರೂ ಬಿಡುತ್ತಿರಲಿಲ್ಲ, ಅದು ಎಲ್ಲ ಕಡೆಯ ಪದ್ಧತಿ. ನಾನು ಹೊರಗೆ ನಿಂತಿದ್ದೆ. ಅವಳು ಒಳಗಿನಿಂದ ಅಕ್ಕಾ ಅಕ್ಕಾ ಅಂತ ಕೂಗುತ್ತಿದ್ದುದು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಹೆಣ್ಣು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟರು.

ನನ್ನ ಎರಡನೆಯ ಮಗ ಆಗಿನ್ನೂ ಮೊಲೆ ಬಿಟ್ಟಿರಲಿಲ್ಲ. ಒಂದು ಕಡೆ ಅವನಿಗೆ, ಒಂದು ಕಡೆ ಇವಳಿಗೆ ಹಾಲು ಕೊಟ್ಟೆ. ಹುಡುಗಿಯ ಅಪ್ಪ ಹುಳಿಯಾರಿನ ಕಡೆ ಬೇರೆ ಮದುವೆ ಮಾಡಿಕೊಂಡು ಅಲ್ಲೇ ನೆಲೆ ನಿಂತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಬ್ಬಕ್ಕೆ ಮಗಳಿಗೆ ಬಟ್ಟೆ ತರುವುದನ್ನು ತಪ್ಪಿಸಿದವನಲ್ಲ. ಆದರೆ ಮಗಳು ನನ್ನವಳಾದಳು. ಮಾತು ಬಂದಾಗ ಅಮ್ಮ ಅಂದಳು. ನಾನೇನು ಹೇಳಿಕೊಟ್ಟಿರಲಿಲ್ಲ. ಹಾಗಂತ ಹೆತ್ತವಳನ್ನು ಮರೆಸಲೂ ಇಲ್ಲ. ಸ್ಕೂಲಿಗೆ ಸೇರಿಸುವಾಗ ತಾಯಿಯ ಹೆಸರು ಏನು ಅಂತ ಮೇಷ್ಟ್ರು ಕೇಳಿದಾಗ ತಂಗಿಯ ಹೆಸರನ್ನೇ ಬರೆಸಿದೆ. ಸತ್ತವಳ ಹೆಸರು ಅಳಿಸಿ ಅಲ್ಲಿ ನನ್ನ ಹೆಸರು ಮೆತ್ತುವಷ್ಟು ಗತಿಗೆಟ್ಟವಳು ನಾನಲ್ಲ. ಆ ಹೆಸರೇ ಮುಂದೆ ಮಾರ್ಕ್ಸ್ ಕಾರ್ಡಿಗೆ ಹೋಯಿತು, ಪಾಸ್‌ಪೋರ್ಟಿಗೂ ಹೋಯಿತು.

ಹುಡುಗಿ ತುಮಕೂರಿನಲ್ಲಿ ನರ್ಸಿಂಗ್ ಓದಿದಳು. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನನ್ನು ಮದುವೆಯಾದಳು, ಅವನೂ ಅದೇ ಕೆಲಸದವನು. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ನಮ್ಮ ಕಡೆಯ ನರ್ಸುಗಳನ್ನು ತೆಗೆದುಕೊಳ್ಳುತ್ತಿದ್ದರಲ್ಲ, ಆಗ ಇಬ್ಬರೂ ಹೋದರು. ಮಾರನೆಯ ವರ್ಷ ಬಸುರಿಯಾದಳು. ಚೊಚ್ಚಲು ಹೆರಿಗೆ ತವರಿನದು, ಅದರಲ್ಲಿ ಎರಡು ಮಾತಿಲ್ಲ. ಏಳನೆಯ ತಿಂಗಳಿಗೆ ಊರಿಗೆ ಬರುವುದು ಅಂತ ಮಾತಾಗಿತ್ತು. ನಾನು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಬಾಣಂತಿಗೆ ಅಂತ ಹೊಸ ಹಂಡೆ ತಂದು ಇಟ್ಟಿದ್ದೆ. ಅಷ್ಟರಲ್ಲಿ ಫೋನು ಬಂತು.

“ಅಮ್ಮಾ, ಬರಕ್ಕಾಗಲ್ಲ ಕಣಮ್ಮ. ಬಿ.ಪಿ. ಏರಿದೆ. ಪ್ಲೇನ್ ಹತ್ತಬೇಡ ಅಂದ್ರು ಡಾಕ್ಟ್ರು. ಕಾಲು ವಸಿ ಊದ್ಕೊಂಡಿದೆ.”

ನನ್ನ ಎದೆ ಧಸಕ್ಕೆಂದಿತು. ಅವಳೇ ಕೇಳಿದಳು: “ಹೆತ್ತಮ್ಮಂಗೂ ಹಿಂಗೇ ಅಲ್ವೇನಮ್ಮ ಆಗಿದ್ದು?”

“ಬಾಯ್ಮುಚ್ಚೇ. ಬುಡ್ತು ಅನ್ನು ಮೊದ್ಲು.”

“ಬುಡ್ತು,” ಅಂದಳು. ಆಮೇಲೆ ಮೆತ್ತಗೆ, “ನೀನೇ ಬಾರಮ್ಮ,” ಅಂದಳು.

“ಬತ್ತೀನಿ,” ಅಂದೆ. ಇಂಗ್ಲೆಂಡು ಯಾವ ದಿಕ್ಕಿಗಿದೆ ಅಂತ ಗೊತ್ತಿರಲಿಲ್ಲ. ಬೆಂಗಳೂರು ಬಿಟ್ಟರೆ ದೂರದ ಊರು ಅಂತ ನಾನು ನೋಡಿದ್ದು ಧರ್ಮಸ್ಥಳ ಒಂದೇ. ಆದರೆ ಲೆಕ್ಕ ಸರಳವಾಗಿತ್ತು. ಬಸುರಿ ತವರಿಗೆ ಬರುವ ಹಾಗಿಲ್ಲ ಅಂದರೆ ತವರೇ ಎದ್ದು ಅವಳಿದ್ದಲ್ಲಿಗೆ ಹೋಗಬೇಕು. ಅವಳಿಗೆ ತವರು ಅಂದರೆ ನಾನು. ಅಳಿಯನ ಕಡೆ ಹೆಣ್ಣು ದಿಕ್ಕು ಯಾರೂ ಇರಲಿಲ್ಲ. ಈ ಹುಡುಗಿಯ ಹೆರಿಗೆಯಲ್ಲಿ ನಾನು ಒಳಗೆ ಇರಬೇಕು, ಹೊರಗೆ ನಿಂತು ಕೇಳಿಸಿಕೊಳ್ಳುವುದು ಒಂದು ಜನ್ಮಕ್ಕೆ ಒಂದು ಸಲ ಸಾಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ತಿಪಟೂರಿನಲ್ಲಿ ಪಾಸ್‌ಪೋರ್ಟು, ವೀಸಾ ಕೆಲಸ ಮಾಡಿಸಿಕೊಡುವ ಸಾಬರೊಬ್ಬರಿದ್ದರು. ಅವರ ಅಣ್ಣತಮ್ಮಂದಿರೆಲ್ಲ ಮೆಕ್ಯಾನಿಕ್ಕುಗಳು, ದರ್ಜಿಗಳು. ಇವರೊಬ್ಬರು ಮಾತ್ರ ಕುರ್ಚಿ ಮೇಲೆ ಕೂತು ಊರಿನ ಅರ್ಧ ಹುಡುಗರನ್ನು ದುಬೈಗೆ ಹತ್ತಿಸಿದವರು. ಪಾಸ್‌ಪೋರ್ಟನ್ನು ಓಡಾಡಿ ಬೇಗ ಮಾಡಿಸಿದರು. ಆಮೇಲೆ ವೀಸಾ ಅರ್ಜಿ ಮುಂದಿಟ್ಟುಕೊಂಡು ಕನ್ನಡಕ ಏರಿಸಿ ಕೇಳಿದರು: “ಅಕ್ಕಾ, ಆ ಹುಡುಗಿಗೆ ನೀವು ಏನಾಗ್ಬೇಕು?”

“ತಾಯಿ ಕಣ್ರೀ. ಇನ್ನೇನಾಗ್ಬೇಕು?”

ಅವರು ತಾಯಿ ಅಂತ ಬರೆದರು. ಅಲ್ಲಿಂದ ಹುಡುಗಿ ಕಳಿಸಿದ್ದ ಪತ್ರದಲ್ಲೂ ‘ನನ್ನ ತಾಯಿ’ ಅಂತಲೇ ಇತ್ತು. ನಾವಿಬ್ಬರೂ ಮಾತಾಡಿಕೊಂಡು ಬರೆದದ್ದಲ್ಲ. ಬೇರೆ ಏನು ಬರೆಯಬೇಕು ಅಂತ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಅರ್ಜಿ ಮದ್ರಾಸಿಗೆ ಹೋಯಿತು. ನಾನು ಹೊಸ ಸ್ವೆಟರು ತಂದು ಹಾಕಿ ನೋಡಿಕೊಂಡೆ, ಗಂಡ ನಕ್ಕರು.

ಕೆಲವು ವಾರ ಕಳೆದ ಮೇಲೆ ಸಾಬರು ಹೇಳಿಕಳಿಸಿದರು. ಹೋದರೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾರೆ. “ಅಕ್ಕ, ವೀಸಾ ಕೊಟ್ಟಿಲ್ಲ. ಹುಡುಗಿ ಪಾಸ್‌ಪೋರ್ಟ್‌ನಾಗೆ ತಾಯಿ ಹೆಸ್ರು ಬೇರೆ ಐತೆ, ಅರ್ಜೀಲಿ ನಿಮ್ಮ ಹೆಸ್ರು ಐತೆ. ಈ ಸಂಬಂಧ ನಂಬಕ್ಕಾಗಲ್ಲ ಅಂತ ಬರ್ದವ್ರೆ.”

“ನಂಬಕ್ಕಾಗಲ್ವಾ? ಒಬ್ಳು ಹೆತ್ಲು, ಒಬ್ಳು ಸಾಕಿದ್ಲು. ಇದ್ರಾಗೆ ನಂಬಕ್ಕಾಗದೇ ಇರೋದು ಏನೈತೆ?” ನನ್ನ ಧ್ವನಿಗೆ ಪಕ್ಕದ ಟೀ ಅಂಗಡಿಯವನು ಇಣುಕಿ ನೋಡಿದ.

“ಅರೆ, ಮೊದ್ಲೇ ಹೇಳೋದಲ್ವಾ ಅಕ್ಕ, ನೀವು ದೊಡ್ಡಮ್ಮ ಅಂತ?”

“ದೊಡ್ಡಮ್ಮ ಅಂದ್ರೂ ಅಮ್ಮನೇ ಅಲ್ವೇನ್ರೀ? ಹಾಲು ಕೊಟ್ಟೀನಿ ಕಣ್ರೀ ನಾನು.”

ಸಾಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: “ಹಾಲು ಕೊಟ್ಟೋಳು ನಮ್ಮಲ್ಲೂ ತಾಯೀನೇ ಕಣಕ್ಕ. ನಿಮ್ಮ ಮಗಂಗೂ ಆ ಹುಡುಗಿಗೂ ನಿಕಾನೇ ಆಗಂಗಿಲ್ಲ, ಅಣ್ಣ ತಂಗಿ ಲೆಕ್ಕ. ಏನ್ಮಾಡೋದು, ಫಾರಂನಾಗೆ ಅದಕ್ಕೆ ಕಾಲಂ ಇಲ್ಲ. ಮತ್ತೆ ಅರ್ಜಿ ಹಾಕಣ. ಈ ಸಲ ಆಂಟ್ ಅಂತ ಬರಿಯಣ.”

“ಏನಂತ?”

“ಆಂಟ್. ಇಂಗ್ಲಿಷ್‌ನಾಗೆ ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಲ್ಲಾರ್ಗೂ ಒಂದೇ ಹೆಸ್ರು. ಆಂಟಿ ಅಂತೀವಲ್ಲ, ಅದೇ.”

ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವನು ಆಂಟಿ ಅನ್ನುತ್ತಾನೆ. ಆಟೋದವನು ಆಂಟಿ, ಎಲ್ಲಿಗೆ ಅನ್ನುತ್ತಾನೆ. ಬಟ್ಟೆ ಅಂಗಡಿಯಲ್ಲಿ ಹೆಸರು ಗೊತ್ತಿಲ್ಲದ ಹುಡುಗ ಸೀರೆ ಬಿಚ್ಚಿ ಬಿಚ್ಚಿ ಹಾಕುತ್ತ ಆಂಟಿ, ಇದು ನಿಮಗೆ ಒಪ್ಪುತ್ತೆ ಅನ್ನುತ್ತಾನೆ. ನಮ್ಮೂರಲ್ಲಿ ಆಂಟಿ ಅಂದರೆ ಯಾವ ಸಂಬಂಧವೂ ಇಲ್ಲದವರು ಕರೆಯುವ ಹೆಸರು. ಇಷ್ಟು ವರ್ಷ ಎದೆಯ ಮೇಲೆ ಹಾಕಿಕೊಂಡು ಸಾಕಿದವಳಿಗೆ ನಾನು ಬಟ್ಟೆ ಅಂಗಡಿಯ ಆಂಟಿ ಆಗಬೇಕೇ?

“ಸಾಬ್ರೇ, ಬೇಕಾದ್ರೆ ನಿಮಗೆ ಆಂಟಿ ಆಯ್ತೀನಿ. ನನ್ನ ಮಗಳಿಗೆ ಆಗಲ್ಲ. ಆ ಅರ್ಜಿ ನೀವೇ ಮಡಿಕ್ಕಳಿ,” ಅಂದು ಚೀಲ ಎತ್ತಿಕೊಂಡು ಬಸ್ಸು ಹತ್ತಿಬಿಟ್ಟೆ.

ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರು, “ಅವ್ರು ಏನಾದ್ರೂ ಬರ್ಕಳ್ಳಿ, ನೀನು ಹೋಗ್ಬುಟ್ಟು ಬಾ,” ಅಂದರು. ಯಾವುದಕ್ಕೂ ಬಿಸಿಯಾಗದ ಮನುಷ್ಯ. ಅವರನ್ನೂ ಸೇರಿಸಿ ಬೈದೆ. ದೀಪ ಹಚ್ಚುವ ಹೊತ್ತಿಗೆ ಹುಡುಗಿಯ ಫೋನು ಬಂತು. ಸಾಬರು ಅವಳಿಗೂ ವಿಷಯ ಮುಟ್ಟಿಸಿದ್ದರು. ಅಳುವವಳಲ್ಲ ಅವಳು, ಮೂಳೆ ಮುರಿದುಕೊಂಡು ಬಂದವರನ್ನೂ ಗದರಿಸಿ ಮಲಗಿಸುವ ನರ್ಸು. ಅವತ್ತು ಅತ್ತಳು.

“ಅಮ್ಮಾ, ಆಂಟಿ ಅಂತ ಬರಿ, ಆಯಾ ಅಂತ ಬರಿ, ಪಕ್ಕದ್ಮನೆಯೋಳು ಅಂತ ಬರಿ. ನಂಗೆ ಭಯ ಆಗ್ತಿದೆ ಕಣಮ್ಮ. ನೀನು ಬಾ ಅಷ್ಟೇ.”

ಸಿಟ್ಟೆಲ್ಲ ಜರ್ರನೆ ಇಳಿಯಿತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಸಾಬರ ಅಂಗಡಿ ಬಾಗಿಲು ತೆಗೆಯುವುದಕ್ಕೆ ಮುಂಚೆ ನಿಂತಿದ್ದೆ. “ಬರೀರಿ, ಅದೇನು ಆಂಟೋ ಗೀಂಟೋ,” ಅಂದೆ. ಅವರು ನಗು ತಡೆದುಕೊಂಡು ಬರೆದರು.

ಈ ಸಲ ಸಂಬಂಧಕ್ಕೆ ಪುರಾವೆ ಬೇಕಿತ್ತು. ವಂಶವೃಕ್ಷ ಮಾಡಿಸಲು ಗ್ರಾಮ ಲೆಕ್ಕಿಗರ ಹತ್ತಿರ ಹೋದೆ. ಅವರು ತಲೆ ಕೆರೆದುಕೊಂಡು, “ನಿಮ್ಮನ್ನ ಯಾವ ಕೊಂಬೆಗೆ ನೇತು ಹಾಕ್ಲಮ್ಮ? ಹುಡುಗಿ ಅವರಪ್ಪನ ಮರಕ್ಕೆ ಸೇರಿದ್ದು, ನೀವು ನಿಮ್ಮ ಗಂಡನ ಮರಕ್ಕೆ ಸೇರಿದ್ದು,” ಅಂದರು. ಕೊನೆಗೆ ನಮ್ಮಪ್ಪನ ಹೆಸರು ಮೇಲೆ ಬರೆದು, ಕೆಳಗೆ ನಾನು, ನನ್ನ ಪಕ್ಕದಲ್ಲಿ ತಂಗಿ, ತಂಗಿಯ ಕೆಳಗೆ ಹುಡುಗಿ ಅಂತ ಗೆರೆ ಎಳೆದರು. ತಂಗಿಯ ಹೆಸರಿನ ಮುಂದೆ ‘ಮೃತ’ ಅಂತ ಬರೆದರು. ನನ್ನಿಂದ ಹುಡುಗಿಗೆ ಒಂದು ಗೆರೆಯೂ ಇರಲಿಲ್ಲ. ನೋಡಿ ಬೇಜಾರಾಯಿತು. ಆದರೂ ಮಡಚಿ ಬ್ಯಾಗಿಗೆ ಹಾಕಿಕೊಂಡೆ, ಕೆಲಸ ಆಗಬೇಕಿತ್ತಲ್ಲ.

ಒಂದು ಸಲ ಇಲ್ಲ ಅಂದವರನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ ಅಂತ ಸಾಬರು ಹೇಳಿದ್ದರು. ಎರಡನೆಯ ಮಗನ ಜೊತೆ ಮದ್ರಾಸಿಗೆ ಹೋದೆ. ಅವನನ್ನು ಹೊರಗೇ ನಿಲ್ಲಿಸಿದರು. ಗಾಜಿನ ಆಚೆ ಒಬ್ಬ ಬಿಳಿ ಹೆಂಗಸು, ನನ್ನದೇ ವಯಸ್ಸು ಇರಬೇಕು. ಅವಳ ಪಕ್ಕದಲ್ಲಿ ಕನ್ನಡ ಬಲ್ಲ ದುಭಾಷಿ, ಟೈ ಕಟ್ಟಿಕೊಂಡ ಮೈಸೂರು ಕಡೆಯ ಮನುಷ್ಯ. ನಾನು ಊರಿಂದ ಹೊರಡುವ ಮುಂಚೆ ಸಾಬರು ನೂರು ಸಲ ಹೇಳಿದ್ದರು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಕ್ಕ, ಜಗಳ ಆಡಬೇಡಿ ಅಂತ.

“ಹೋದ ಸಲ ತಾಯಿ ಅಂದಿದ್ರಿ, ಈ ಸಲ ಆಂಟ್ ಅಂತಿದ್ದೀರಿ. ಎರಡರಲ್ಲಿ ಯಾವುದು ನಿಜ ಅಂತ ಕೇಳ್ತಿದ್ದಾರೆ,” ಅಂದ ದುಭಾಷಿ.

“ಎರಡೂ ನಿಜ.”

ಅವನು ಗಾಬರಿಯಾದ. “ಅಮ್ಮಾ, ಒಂದು ಹೇಳಿ.”

“ನಿಮ್ಮ ತಾಯಿಯ ಅಕ್ಕನ್ನ ನೀವು ಏನಂತ ಕರೀತೀರಿ?”

“ನಾನಾ? ದೊಡ್ಡಮ್ಮ ಅಂತ.”

“ಆಂಟಿ ಅನ್ನಲ್ವಾ?”

“ಛೆ, ಇಲ್ಲ.”

“ಹಂಗಾದ್ರೆ ಅದನ್ನೇ ಹೇಳಿ ಅವ್ರಿಗೆ.”

ಅವನು ಇಂಗ್ಲಿಷಿನಲ್ಲಿ ದೊಡ್ಡ ತಾಯಿ ಅಂತ ಹೇಳಿರಬೇಕು. ಅವಳು ನನ್ನ ಒಣಕಲು ದೇಹವನ್ನು ಮೇಲಿಂದ ಕೆಳಗೆ ನೋಡಿದಳು. ದೊಡ್ಡದು ಅಂದರೆ ಗಾತ್ರ ಅಲ್ಲ, ವಯಸ್ಸು ಅಂತ ಅವನು ಕೈಸನ್ನೆ ಮಾಡಿ ವಿವರಿಸಿದ. ಅವಳ ತುಟಿಯಲ್ಲಿ ನಗು ಬಂತು, ಆದರೆ ಪೆನ್ನು ಕೆಳಗಿಡಲಿಲ್ಲ. ವಂಶವೃಕ್ಷ ತೋರಿಸಿದೆ. ವಾಪಸು ಬರುತ್ತೀರಿ ಅನ್ನುವುದಕ್ಕೆ ಏನು ಖಾತ್ರಿ ಅಂತ ಕೇಳಿದಳು.

“ಅಟ್ಟದ ತುಂಬ ಕಾಯಿ ಐತೆ ಕಣ್ರೀ. ಕೊಬ್ಬರಿ ಆಗಕ್ಕೆ ಇನ್ನೂ ಆರು ತಿಂಗ್ಳು ಬೇಕು. ಅದನ್ನ ಬುಟ್ಟು ನಾನು ಅಲ್ಲಿ ಕೂತ್ಕಂಡು ಏನ್ಮಾಡ್ಲಿ? ತೋಟಕ್ಕೂ ಗಂಡಂಗೂ ವೀಸಾ ಕೊಡಿ, ಆಮೇಲೆ ಯೋಚ್ನೆ ಮಾಡ್ತೀನಿ.” ದುಭಾಷಿ ಅದರಲ್ಲಿ ಎಷ್ಟನ್ನು ಹೇಳಿದನೋ ಎಷ್ಟನ್ನು ನುಂಗಿಕೊಂಡನೋ ಗೊತ್ತಿಲ್ಲ.

ಕೊನೆಗೆ ಅವಳು ಕೇಳಿದಳು: ಹುಡುಗಿಯ ಗಂಡ ಅಲ್ಲಿದ್ದಾನೆ, ಒಳ್ಳೆಯ ಆಸ್ಪತ್ರೆ ಇದೆ, ಅವಳೇ ನರ್ಸು. ನೀವು ಯಾಕೆ ಹೋಗಲೇಬೇಕು?

ಸಾಬರು ಹೇಳಿಕೊಟ್ಟದ್ದೆಲ್ಲ ಮರೆತುಹೋಯಿತು. “ಇವಳನ್ನ ಹೆರುವಾಗ ನನ್ನ ತಂಗಿ ಸತ್ತೋದ್ಲು. ಕಾಲು ಊದಿತ್ತು. ಈಗ ಇವಳ ಕಾಲೂ ಊದೈತೆ. ಆವತ್ತು ನನ್ನ ಹೊರಗೆ ನಿಲ್ಸಿದ್ರು. ತಂಗಿ ಕೂಗಿದ್ದು ಕೇಳ್ತಿತ್ತು, ಹೋಗಕ್ಕಾಗಲಿಲ್ಲ. ಈ ಹುಡುಗಿ ಕೂಗಿದ್ರೆ ನಾನು ಹೋಗ್ಬೇಕು. ನೀವು ಆಂಟಿ ಅನ್ನಿ, ಏನಾದ್ರೂ ಅನ್ನಿ. ನನ್ನ ಹೊರಗೆ ಮಾತ್ರ ನಿಲ್ಸಬೇಡಿ.”

ದುಭಾಷಿ ನಿಧಾನವಾಗಿ ಒಂದೊಂದೇ ಮಾತು ಅವಳಿಗೆ ಹೇಳಿದ. ಆ ಹೆಂಗಸು ನನ್ನನ್ನು ನೋಡಲಿಲ್ಲ, ಬರೆಯುತ್ತಲೇ ಇದ್ದಳು. ಹೋಗಬಹುದು ಅಂದರು. ಆಗಲಿಲ್ಲ ಅಂದುಕೊಂಡೇ ಹೊರಗೆ ಬಂದೆ. ಸಂಜೆ ಪಾಸ್‌ಪೋರ್ಟು ಕೈಗೆ ಬಂದಾಗ ಮಗ ಹಾಳೆ ತಿರುವಿ, ನಡುರಸ್ತೆಯಲ್ಲೇ “ಅವ್ವೋ, ಕೊಟ್ಟವ್ರೆ ಕಣವ್ವೋ!” ಅಂತ ಕಿರುಚಿದ.

ಹೊರಡುವ ಮುಂಚೆ ಸಾಬರು ನನ್ನ ಪೆಟ್ಟಿಗೆ ತಾವೇ ಬಿಚ್ಚಿಸಿ ನೋಡಿದರು. ಮೇಲೆಯೇ ಇಟ್ಟಿದ್ದ ಉಂಡೆ ಕೊಬ್ಬರಿಯನ್ನು ಎತ್ತಿ ಆಚೆ ಇಟ್ಟರು. ಎಣ್ಣೆ ಪದಾರ್ಥ, ಬಿಸಿಗೆ ಹೊತ್ತಿಕೊಳ್ಳುತ್ತದೆ ಅಂತ ವಿಮಾನಕ್ಕೆ ಬಿಡುವುದಿಲ್ಲವಂತೆ. “ತಿಪಟೂರಿನಾಗೆ ಮನೆ ಮನೆ ಅಟ್ಟದ ಮೇಲೆ ಐತಲ್ರೀ, ಯಾವತ್ತು ಹೊತ್ಕಂಡೈತೆ?” ಅಂತ ವಾದ ಮಾಡಿದೆ. “ವಿಮಾನದೋರು ತಿಪಟೂರು ನೋಡಿಲ್ಲ ಅಕ್ಕ,” ಅಂದರು. ಕೊಬ್ಬರಿಯನ್ನು ಅವರ ಮನೆಗೇ ಕೊಟ್ಟು ಹೊರಟೆ.

ಲಂಡನ್ನಿನಲ್ಲಿ ಇಳಿದ ಮೇಲೆ ಇನ್ನೊಂದು ಸಲ ವಿಚಾರಣೆ. ಉದ್ದ ಸಾಲು, ಸಾಲಿನ ತುದಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ. ವಿಮಾನದಲ್ಲಿ ಒಂದು ಕಣ್ಣು ನಿದ್ದೆ ಮಾಡದೆ ಉರು ಹೊಡೆದಿದ್ದ ಮಾತನ್ನು ಹೇಳಿದೆ: “ಐ ಆಂಟ್.” ಅವನು, ನೀವು ನಿಮ್ಮ ಆಂಟ್ ಮನೆಗೆ ಬಂದಿದ್ದೀರಾ ಅಂತ ಕೇಳಿದ. “ನೋ ನೋ. ಐ ಆಂಟ್. ಶೀ ಡಾಟರ್,” ಅಂದೆ. ಅವನು ಹುಬ್ಬು ಗಂಟಿಕ್ಕಿ ಕಾಗದ ನೋಡಿದ, ಹಿಂದಿರುಗುವ ಟಿಕೆಟ್ಟು ನೋಡಿದ, ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನಿತ್ತೋ, ಠಪ್ಪನೆ ಸೀಲು ಹೊಡೆದ. ಹೊರಗೆ ಅಳಿಯ ಒಬ್ಬನೇ ನಿಂತಿದ್ದ. ಬಿ.ಪಿ. ಇನ್ನೂ ಏರಿದೆ, ಕಾಯುವ ಹಾಗಿಲ್ಲ, ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಿಸಿಕೊಂಡು ನೋವು ಬರಿಸುವ ಔಷಧ ಕೊಟ್ಟಿದ್ದಾರೆ ಅಂದ. ಮನೆಗೆ ಹೋಗದೆ ಪೆಟ್ಟಿಗೆ ಸಮೇತ ಅಲ್ಲಿಗೇ ಹೋದೆವು.

ಹೆರಿಗೆ ಮಾಡಿಸುವ ನರ್ಸು ಎತ್ತರದ ಹೆಂಗಸು. ಬಾಗಿಲಲ್ಲೇ ಅಡ್ಡ ನಿಂತು, ಯಾರು ಇವರು ಅಂತ ನನ್ನ ಕಡೆ ಕೈ ತೋರಿಸಿ ಕೇಳಿದಳು. ಅಳಿಯ ಪಾಪ ನಿಯತ್ತಿನ ಹುಡುಗ. ಅಷ್ಟೆಲ್ಲ ಕಾಗದ ಬರೆದು ಬರೆದು ಅವನ ಬಾಯಿಗೂ ಅದೇ ಬಂತು, ಆಂಟ್ ಅಂದುಬಿಟ್ಟ. ಅವಳು ಮೆಲ್ಲಗೆ ನನ್ನ ತೋಳು ಹಿಡಿದು ಆಚೆ ಇದ್ದ ಬೆಂಚಿನ ಕಡೆಗೆ ಕರೆದುಕೊಂಡು ಹೊರಟಳು. ಅದೇ ಹೊತ್ತಿಗೆ ಒಳಗೆ ನೋವು ಬಂತು, ಹುಡುಗಿ ಅಮ್ಮಾ ಅಂತ ಕೂಗಿದಳು.

ನೋವಾದಾಗ ನಮ್ಮವರು ಯಾರಾದರೂ ಅಮ್ಮಾ ಅಂತಲೇ ಕೂಗುತ್ತಾರೆ, ಅದು ನನಗೂ ಗೊತ್ತು. ನಾನು ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಆದರೆ ಕರೆದದ್ದಕ್ಕೆ ನನ್ನ ಬಾಯಿ ಓಗೊಟ್ಟಿತು. “ಬಂದೆ ಕಣೇ! ಇಲ್ಲೇ ಇದೀನಿ!” ಅಂತ ಆಸ್ಪತ್ರೆ ಎದ್ದು ಕೂರುವ ಹಾಗೆ ಅಂದೆ. ಒಳಗಿನಿಂದ ಮತ್ತೆ, ಈ ಸಲ ಇಂಗ್ಲಿಷಿನಲ್ಲಿ, ಅವಳ ಕೂಗು ಬಂತು: “ಮೈ ಮಮ್! ದಟ್ಸ್ ಮೈ ಮಮ್!”

ಆ ನರ್ಸು ಒಮ್ಮೆ ನನ್ನನ್ನು, ಒಮ್ಮೆ ಅಳಿಯನನ್ನು ನೋಡಿದಳು. ಒಂದು ಕಾಗದವನ್ನೂ ಕೇಳಲಿಲ್ಲ. ನನ್ನ ತೋಳು ಹಿಡಿದಿದ್ದವಳು ಹಾಗೇ ತಿರುಗಿಸಿ ಒಳಗೆ ಕರೆದುಕೊಂಡು ಹೋಗಿ, ಹಾಸಿಗೆಯ ತಲೆಯ ಹತ್ತಿರ ಕುರ್ಚಿ ಎಳೆದು ಕೂರಿಸಿದಳು. ಹುಡುಗಿಯ ಮುಖ ಊದಿಕೊಂಡು ಗುರುತು ಸಿಗದ ಹಾಗಾಗಿತ್ತು. ನನ್ನ ಕೈ ಹಿಡಿದವಳು ಬಳೆ ಒಡೆಯುವ ಹಾಗೆ ಹಿಡಿದಳು.

“ಅಮ್ಮಾ, ನಂಗೇನೂ ಆಗಲ್ಲ ತಾನೇ?”

“ಏನಾಯ್ತದೆ? ಇಷ್ಟು ದೂರ ಬಂದಿರೋದು ಸುಮ್ನೆನಾ ನಾನು?” ಅಂದೆ. ಗಟ್ಟಿಯಾಗಿಯೇ ಅಂದೆ. ಒಳಗೊಳಗೆ ನಮ್ಮ ದೇವರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದೆ.

ಹೊತ್ತು ಇಳಿಯುವ ವೇಳೆಗೆ ಮಗು ಅತ್ತಿತು. ಗಂಡು. ಅಳಿಯ, ನರ್ಸು, ಡಾಕ್ಟರು ಎಲ್ಲರೂ ಮಗುವಿನ ಕಡೆ ತಿರುಗಿದರು. ನಾನು ತಿರುಗಲಿಲ್ಲ. ನನ್ನ ಮಗಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಒಂದು ಉಸಿರು ಬಂತು, ಇನ್ನೊಂದು ಬಂತು. ಅವಳು ಕಣ್ಣು ಬಿಟ್ಟು ನನ್ನನ್ನು ಹುಡುಕಿ, ಒಣಗಿದ ತುಟಿಯಲ್ಲಿ “ಅಮ್ಮಾ, ಹಸಿವಾಗ್ತಿದೆ ಕಣಮ್ಮ,” ಅಂದಳು.

ಆಗ ಅತ್ತುಬಿಟ್ಟೆ. ತಂಗಿ ಹೋದ ದಿನ ಮಗು ಹಸಿದು ಕೂಗುತ್ತಿತ್ತು, ಹಾಲು ಕೊಡಬೇಕಿತ್ತು, ಅಳುವುದಕ್ಕೆ ನನಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಅವತ್ತಿನದನ್ನೂ ಸೇರಿಸಿ ಆ ಪರದೇಶದ ಕುರ್ಚಿಯ ಮೇಲೆ ಕೂತು ಅತ್ತೆನಲ್ಲ, ಹುಡುಗಿಯೇ ನನ್ನ ಬೆನ್ನು ಸವರಬೇಕಾಯಿತು.